ಪ್ಲೇಟಿನಲ್ಲಿ ಗೆದ್ದ ಪೆಪ್ಟೈಡ್ ಟ್ಯೂಬಿನಲ್ಲಿ ಸೋಲುವುದೇಕೆ

ಮುಲಾಮುಗಳಿಗೆ ಬಳಸುವ ಕಾರ್ಬೋಪಾಲ್ ಜೆಲ್ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಅದಕ್ಕೆ ಪೆಪ್ಟೈಡ್ (ಅಮೈನೊ ಆಮ್ಲಗಳ ಚಿಕ್ಕ ಸರಪಳಿ) ದ್ರಾವಣ ನಾಲ್ಕು ಹನಿ ಬಿಟ್ಟು ಕಲಕಿದರೆ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಜೆಲ್ ನೀರೊಡೆಯುತ್ತದೆ. ಹಿಂದಿನ ವಾರ 96 ಗುಳಿಯ ಪ್ಲೇಟಿನಲ್ಲಿ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ತಲೆಯೆತ್ತದಂತೆ ಮಾಡಿದ್ದ ಅದೇ ಪೆಪ್ಟೈಡ್, ಈಗ ಮುಲಾಮಿನೊಳಗೆ ಕೂತು ಬರೀ ಜೆಲ್ಲಿಗಿಂತ ಹೆಚ್ಚೇನೂ ಮಾಡುವುದಿಲ್ಲ. ಪೆಪ್ಟೈಡ್ ಕೆಟ್ಟಿಲ್ಲ, ಜೆಲ್ಲೇ ಅದನ್ನು ಹಿಡಿದು ಕೂರಿಸಿದೆ. ತುಮಕೂರಿನಲ್ಲಿ ಕಪ್ಪೆ ಚರ್ಮದ ಪೆಪ್ಟೈಡೊಂದನ್ನು ಹಚ್ಚುವ ಮದ್ದಾಗಿಸುವ ಕೆಲಸದಲ್ಲಿ ನಮ್ಮ ದಿನಗಳನ್ನು ತಿಂದದ್ದು ಹೆಚ್ಚಾಗಿ ಇಂಥವೇ. ಬ್ಯಾಕ್ಟೀರಿಯಾ ಸಾಯಿಸುವ ಭಾಗ ಇದರಲ್ಲಿ ಚಿಕ್ಕದು. ಇದೇ ದಾರಿ ಹಿಡಿಯುವ ಎಂಎಸ್ಸಿ, ಎಂಫಾರ್ಮ್ ಹುಡುಗ ಹುಡುಗಿಯರಿಗೆ ಬೇಕಾಗಬಹುದೆಂದು ಕೆಲಸದ ಕ್ರಮವನ್ನೂ ಕೆಡುವ ಜಾಗಗಳನ್ನೂ ಇಲ್ಲಿ ಬರೆದಿದ್ದೇವೆ.

ಯಾರಿಗೆ ಹೇಳಿದರೂ ಮೊದಲು ಕೇಳುವುದು, ಕಪ್ಪೆ ಎಲ್ಲಿಂದ ತರುತ್ತೀರಿ ಅಂತ. ತರುವುದಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಕೆರೆ ಅಂಗಳದಲ್ಲಿ ಹಳದಿ ಬಣ್ಣ ತಳೆದು ಕೂಗುವ ದೊಡ್ಡ ಕಪ್ಪೆ ಇದೆಯಲ್ಲ, ಹಾಪ್ಲೊಬಟ್ರಾಕಸ್ ಟೈಗರೀನಸ್, ನಾವು ಆರಿಸಿಕೊಂಡ ಪೆಪ್ಟೈಡ್ ಅದರದ್ದೇ. ಆದರೆ ಅದನ್ನು ಹಿಡಿಯಲು ಕಾನೂನು ಬಿಡುವುದಿಲ್ಲ, ಹಿಡಿಯುವ ಅಗತ್ಯವೂ ಇಲ್ಲ. ಕಾಲಿನ ಮಾಂಸಕ್ಕಾಗಿ ಇದನ್ನು ಟನ್ನುಗಟ್ಟಲೆ ಹೊರದೇಶಕ್ಕೆ ಕಳಿಸುತ್ತಿದ್ದ ಕಾಲವಿತ್ತು. 1987ರಲ್ಲಿ ಆ ರಫ್ತು ನಿಂತಿತು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯವರು ಇದರ ಚರ್ಮದ ಸ್ರಾವದಿಂದ ನಾಲ್ಕು ಪುಟ್ಟ ಪೆಪ್ಟೈಡ್‌ಗಳನ್ನು ಬೇರ್ಪಡಿಸಿ, ಟೈಗರಿನಿನ್ ಎಂದು ಹೆಸರಿಟ್ಟು, 2001ರಲ್ಲಿ ಅವುಗಳ ಅಮೈನೊ ಆಮ್ಲಗಳ ಸರಣಿಯನ್ನು ಪ್ರಕಟಿಸಿದರು. ಸರಣಿ ಗೊತ್ತಾದ ಮೇಲೆ ಕಪ್ಪೆಯ ಕೆಲಸ ಮುಗಿಯಿತು, ಉಳಿದದ್ದು ರಸಾಯನಶಾಸ್ತ್ರ.

ಕಪ್ಪೆಯ ಚರ್ಮದಲ್ಲಿ ಇಂಥ ಮದ್ದಿದೆ ಎಂದು ಜಗತ್ತು ಗಂಭೀರವಾಗಿ ನೋಡತೊಡಗಿದ್ದು 1987ರಲ್ಲೇ. ಅಮೆರಿಕದ ಮೈಕೆಲ್ ಝಾಸ್ಲಾಫ್, ಆಫ್ರಿಕಾದ ಜೆನೊಪಸ್ ಕಪ್ಪೆಗಳಿಗೆ ಶಸ್ತ್ರಕ್ರಿಯೆ ಮಾಡಿ ಕೊಳಕು ನೀರಿನ ತೊಟ್ಟಿಗೆ ಬಿಟ್ಟರೂ ಗಾಯ ಕೀವಾಗದ್ದನ್ನು ಗಮನಿಸಿ, 23 ಅಮೈನೊ ಆಮ್ಲಗಳ ಮ್ಯಾಗೈನಿನ್‌ಗಳನ್ನು ಹೊರತೆಗೆದರು. ನಾವು ಮ್ಯಾಗೈನಿನ್ ಬಿಟ್ಟು ಟೈಗರಿನಿನ್-1 ಹಿಡಿದದ್ದಕ್ಕೆ ಕಾರಣ ದುಡ್ಡು. ಇದು 11 ಅಮೈನೊ ಆಮ್ಲಗಳಷ್ಟೇ. ಒಂದೊಂದು ಕೊಂಡಿ ಕಮ್ಮಿಯಾದಷ್ಟೂ ಖರ್ಚೂ ಕಮ್ಮಿ, ಕಸವೂ ಕಮ್ಮಿ.

ಸರಣಿ ಹೀಗಿದೆ: ಫೀನೈಲಾಲನಿನ್, ಸಿಸ್ಟೀನ್, ಥ್ರಿಯೊನಿನ್, ಮೆಥಿಯೊನಿನ್, ಐಸೊಲ್ಯೂಸಿನ್, ಪ್ರೋಲಿನ್, ಐಸೊಲ್ಯೂಸಿನ್, ಪ್ರೋಲಿನ್, ಆರ್ಜಿನಿನ್, ಸಿಸ್ಟೀನ್, ಟೈರೊಸಿನ್, ಕೊನೆಯಲ್ಲಿ ಅಮೈಡ್. ಎರಡನೆಯ ಮತ್ತು ಹತ್ತನೆಯ ಜಾಗದ ಸಿಸ್ಟೀನ್‌ಗಳು ಗಂಧಕದ ಕೊಂಡಿಯಿಂದ ಸೇರಿ ಒಂಬತ್ತರ ಉಂಗುರವಾಗುತ್ತದೆ. ಈ ಸಾಲನ್ನು ಒಮ್ಮೆ ನಿಧಾನವಾಗಿ ಓದಿದರೆ ಮುಂದೆ ಬರುವ ತೊಂದರೆಗಳೆಲ್ಲ ಅದರಲ್ಲೇ ಬರೆದಿವೆ. ಮೆಥಿಯೊನಿನ್ ಇದೆ, ಆಕ್ಸಿಡೈಸ್ ಆಗುತ್ತದೆ. ಸಿಸ್ಟೀನ್ ಇದೆ, ತಪ್ಪು ಜೋಡಿ ಕಟ್ಟಿಕೊಳ್ಳುತ್ತದೆ. ಪ್ರೋಲಿನ್ ಇದೆ, ಪರೀಕ್ಷೆಗೆ ಸುಳ್ಳು ಹೇಳುತ್ತದೆ.

ರೆಸಿನ್ ಎಂಬ ಪುಟ್ಟ ಮಣಿಗಳ ಮೇಲೆ ಪೆಪ್ಟೈಡ್ ಕಟ್ಟುವುದು ಬಾಲದಿಂದ ತಲೆಗೆ, ಅಂದರೆ ಟೈರೊಸಿನ್‌ನಿಂದ ಶುರು. ಕೊನೆಯ ಅಮೈಡ್ ಬೇಕಾದ್ದರಿಂದ ರಿಂಕ್ ಅಮೈಡ್ ರೆಸಿನ್ ಬಳಸಬೇಕು. ವಾಂಗ್ ರೆಸಿನ್ ಬಳಸಿದರೆ ಆಮ್ಲದ ಬಾಲ ಬಂದು ಧನ ಚಾರ್ಜ್ ಒಂದು ಕಮ್ಮಿಯಾಗುತ್ತದೆ. 0.1 ಮಿಲಿಮೋಲ್ ಅಳತೆಗೆ, ಗ್ರಾಮಿಗೆ 0.5 ಮಿಲಿಮೋಲ್ ಲೋಡಿಂಗ್ ಇರುವ ರೆಸಿನ್ 200 ಮಿಲಿಗ್ರಾಂ ಸಾಕು. ಡಿಎಂಎಫ್ ದ್ರಾವಕದಲ್ಲಿ ಅರ್ಧ ಗಂಟೆ ಉಬ್ಬಿಸಿ, 20% ಪಿಪೆರಿಡೀನ್‌ನಿಂದ 3 ನಿಮಿಷ, ಮತ್ತೆ ಹೊಸದು ಹಾಕಿ 10 ನಿಮಿಷ, ತುದಿಯನ್ನು ಮುಚ್ಚಿರುವ ಎಫ್‌ಮಾಕ್ ಗುಂಪನ್ನು ಕಳಚಬೇಕು. ಪ್ರತಿ ಅಮೈನೊ ಆಮ್ಲ ನಾಲ್ಕು ಪಟ್ಟು ಹೆಚ್ಚು: ಎಫ್‌ಮಾಕ್ ಐಸೊಲ್ಯೂಸಿನ್ ಆದರೆ 141 ಮಿಲಿಗ್ರಾಂ, ಜೊತೆಗೆ ಕೊಂಡಿ ಕೂಡಿಸುವ ಎಚ್‌ಬಿಟಿಯು 144 ಮಿಲಿಗ್ರಾಂ, ಡಿಐಪಿಇಎ 139 ಮೈಕ್ರೋಲೀಟರ್. ಎಚ್‌ಬಿಟಿಯು ಅಮೈನೊ ಆಮ್ಲಕ್ಕಿಂತ ಒಂದು ಚಿಟಿಕೆ ಕಮ್ಮಿಯೇ ಇರಲಿ. ಮಿಕ್ಕಿ ಉಳಿದರೆ ಅದು ಬೆಳೆಯುತ್ತಿರುವ ಸರಪಳಿಯ ತುದಿಗೇ ಅಂಟಿಕೊಂಡು ಅಲ್ಲಿಗೆ ಬೆಳವಣಿಗೆ ನಿಲ್ಲಿಸುತ್ತದೆ. ಸಿಸ್ಟೀನ್‌ಗೆ ಮಾತ್ರ ಈ ಕ್ರಮ ಬೇಡ. ಡಿಐಪಿಇಎಯಂಥ ಕ್ಷಾರದಲ್ಲಿ ಅದು ಎಡಗೈಯಿಂದ ಬಲಗೈಗೆ, ಅಂದರೆ ತನ್ನದೇ ಕನ್ನಡಿ ಬಿಂಬಕ್ಕೆ ಹೊರಳುತ್ತದೆ, ಹೊರಳಿದ್ದು ತೂಕದಲ್ಲಿ ಗೊತ್ತೇ ಆಗುವುದಿಲ್ಲ. ಅದಕ್ಕೆ ಡಿಐಸಿ ಮತ್ತು ಆಕ್ಸಿಮಾ ಬಳಸಿ.

ಪ್ರತಿ ಕೊಂಡಿ ಸೇರಿತೇ ಎಂದು ನೋಡುವ ಕೈಸರ್ ಪರೀಕ್ಷೆ ಸುಲಭದ್ದು. ನಾಲ್ಕು ಮಣಿ ರೆಸಿನ್ ತೆಗೆದು ನಿನ್‌ಹೈಡ್ರಿನ್ ಹಾಕಿ ಬಿಸಿ ಮಾಡಿದರೆ, ನೀಲಿ ಬಂದರೆ ಇನ್ನೂ ಸೇರಿಲ್ಲ, ಹಳದಿಯೇ ಉಳಿದರೆ ಸೇರಿದೆ. ಎಡವಟ್ಟಾಗುವುದು ಪ್ರೋಲಿನ್ ಹತ್ತಿರ. ಪ್ರೋಲಿನ್ ತುದಿ ಖಾಲಿ ಇದ್ದರೂ ನೀಲಿ ಬರುವುದಿಲ್ಲ. ಹಳದಿ ಕಂಡು ಮುಂದೆ ಹೋದರೆ ಮುಗಿಯಿತು. ಅಲ್ಲಿ ಸೇರಬೇಕಾದದ್ದು ಐಸೊಲ್ಯೂಸಿನ್, ಮೊದಲೇ ದಪ್ಪ ಭುಜದ್ದು, ಪ್ರೋಲಿನ್ ಮೇಲೆ ಕೂರಲು ತಕರಾರು ಮಾಡುತ್ತದೆ. ಈ ಸರಣಿಯಲ್ಲಿ ಅಂಥ ಜಾಗ ಎರಡಿವೆ. ಎರಡರಲ್ಲೂ ಇನ್ನೂ ಚುರುಕಾದ ಎಚ್‌ಎಟಿಯು ಬಳಸಿ ಎರಡೆರಡು ಸಲ ಕೂಡಿಸಿ, ಕ್ಲೋರಾನಿಲ್ ಪರೀಕ್ಷೆಯಿಂದ ನೋಡಬೇಕು. ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಬರಬೇಕಾದ್ದಕ್ಕಿಂತ 113 ಕಮ್ಮಿ ತೂಕದ ಶಿಖರ ಕಂಡರೆ ಒಂದು ಐಸೊಲ್ಯೂಸಿನ್ ತಪ್ಪಿಹೋಗಿದೆ ಎಂದೇ ಲೆಕ್ಕ.

ರೆಸಿನ್‌ನಿಂದ ಬಿಡಿಸಲು ರೀಏಜೆಂಟ್ ಕೆ: ನೂರಕ್ಕೆ ಟಿಎಫ್‌ಎ (ಟ್ರೈಫ್ಲೂರೊಅಸಿಟಿಕ್ ಆಮ್ಲ) 82.5, ಫೀನಾಲ್ 5, ನೀರು 5, ಥಯೊಅನಿಸೋಲ್ 5, ಇಡಿಟಿ (ಈಥೇನ್‌ಡೈಥಯೋಲ್) 2.5. ಎರಡರಿಂದ ಮೂರು ಗಂಟೆ, ಆಮೇಲೆ ತಣ್ಣನೆಯ ಈಥರ್‌ಗೆ ಸುರಿದರೆ ಬಿಳಿ ಪುಡಿ ಕೂರುತ್ತದೆ. ನಾತದ ಬಗ್ಗೆ ಹೇಳುವುದೇ ಬೇಡ, ಫ್ಯೂಮ್ ಹುಡ್ ಸರಿಯಿಲ್ಲದಿದ್ದರೆ ಕಾರಿಡಾರಿನವರೆಲ್ಲ ಜಗಳಕ್ಕೆ ಬರುತ್ತಾರೆ. ಆದರೆ ನಾತಕ್ಕೆ ಹೆದರಿ ಇಡಿಟಿ ಬಿಟ್ಟರೆ ಮೆಥಿಯೊನಿನ್ ಆಕ್ಸಿಡೈಸ್ ಆಗಿ 16 ಹೆಚ್ಚು ತೂಗುತ್ತದೆ. ಆರ್ಜಿನಿನ್ ಮೇಲಿನ ರಕ್ಷಕ ಗುಂಪು ಪೂರ್ತಿ ಕಳಚದಿದ್ದರೆ 252 ಹೆಚ್ಚು. ಅದು ಕಂಡರೆ ಇನ್ನೊಂದು ಗಂಟೆ ಬಿಡಿ.

ಉಂಗುರ ಮುಚ್ಚುವಾಗ ಆತುರ ಬೇಡ. ನೀರು ಜಾಸ್ತಿ, ಪೆಪ್ಟೈಡ್ ಕಮ್ಮಿ ಇರಬೇಕು: 50 ಮಿಲಿಗ್ರಾಮಿಗೆ ಅರ್ಧ ಲೀಟರ್, 0.1 ಮೋಲಾರ್ ಅಮೋನಿಯಂ ಬೈಕಾರ್ಬೊನೇಟ್, ಪಿಎಚ್ 8, ಬಾಯಿ ತೆರೆದ ಫ್ಲಾಸ್ಕಿನಲ್ಲಿ ರಾತ್ರಿಯಿಡೀ ಮೆಲ್ಲಗೆ ಕಲಕಬೇಕು. ಸಾಂದ್ರತೆ ಹೆಚ್ಚಿಸಿದರೆ ಪೆಪ್ಟೈಡ್ ತನ್ನ ಬಾಲವನ್ನು ಹಿಡಿಯುವ ಬದಲು ಪಕ್ಕದವನ ಕೈ ಹಿಡಿಯುತ್ತದೆ, ಜೋಡಿಗಳಾಗುತ್ತವೆ. ಎಲ್ಮನ್ ರೀಏಜೆಂಟ್ ಹಾಕಿದಾಗ ಹಳದಿ ಬರದಿದ್ದರೆ ಖಾಲಿ ಸಿಸ್ಟೀನ್ ಉಳಿದಿಲ್ಲ. ಮಾಸ್ ಕೂಡ ಹೇಳುತ್ತದೆ: ತೆರೆದ ಸರಪಳಿ 1342.7, ಮುಚ್ಚಿದ ಉಂಗುರ 1340.7. ಎರಡೇ ಎರಡು ಡಾಲ್ಟನ್ನಿನ ವ್ಯತ್ಯಾಸ. ಆಮೇಲೆ ಮಿಶ್ರಣವನ್ನು ಬೇರ್ಪಡಿಸುವ ಸಿ-18 ಕಾಲಂನಲ್ಲಿ ಎಚ್‌ಪಿಎಲ್‌ಸಿ ಶುದ್ಧೀಕರಣ, ಘನೀಕರಿಸಿ ಒಣಗಿಸುವುದು. 0.1 ಮಿಲಿಮೋಲಿಗೆ ಲೆಕ್ಕದ ಪ್ರಕಾರ 134 ಮಿಲಿಗ್ರಾಂ ಬರಬೇಕು. ಅರ್ಧ ಕೈಗೆ ಹತ್ತಿದರೆ ಒಳ್ಳೆಯ ದಿನ.

ಇಷ್ಟೆಲ್ಲ ಆಗದ ಕಾಲೇಜುಗಳು ಪೆಪ್ಟೈಡನ್ನು ಮಾಡಿಸಿಕೊಂಡು ತರಿಸುತ್ತವೆ, ತಪ್ಪೇನಿಲ್ಲ. ಆದರೆ ತರಿಸಿದರೂ ತಯಾರಿಸಿದರೂ ಒಂದು ತಪ್ಪು ಎಲ್ಲರೂ ಮಾಡುತ್ತಾರೆ: ಪುಡಿ ತೂಗಿ ಅಷ್ಟೂ ಪೆಪ್ಟೈಡ್ ಎಂದುಕೊಳ್ಳುವುದು. ಶುದ್ಧತೆ 95% ಎಂದು ಬರೆದಿರುವುದು ಎಚ್‌ಪಿಎಲ್‌ಸಿ ಶಿಖರದ ಮಾತು, ತೂಕದ ಮಾತಲ್ಲ. ಈ ಪೆಪ್ಟೈಡಿಗೆ ಎರಡು ಧನ ಚಾರ್ಜ್, ಒಂದೊಂದಕ್ಕೂ 114 ತೂಕದ ಟಿಎಫ್‌ಎ ಅಂಟಿರುತ್ತದೆ. ಪುಡಿಯಲ್ಲಿ ನೂರಕ್ಕೆ ಸುಮಾರು 15 ಅಲ್ಲೇ ಹೋಯಿತು, ಮೇಲೆ ತೇವ. ನಿವ್ವಳ 80% ಎಂದು ತಿಳಿದರೆ 50 ಮಿಲಿಗ್ರಾಂ ಬೇಕಾದಾಗ 62.5 ತೂಗಬೇಕು. ಕೈಯಲ್ಲೇ ಪರೀಕ್ಷಿಸಲು ಟೈರೊಸಿನ್ ಸಾಕು, 1 ಸೆಂ.ಮೀ. ಕ್ಯೂವೆಟ್‌ನಲ್ಲಿ, 280 ನ್ಯಾನೊಮೀಟರ್‌ನಲ್ಲಿ, ಮಿಲಿಲೀಟರಿಗೆ 1 ಮಿಲಿಗ್ರಾಂ ನಿಜವಾಗಿ ಇದ್ದರೆ 1.2 ಓದಬೇಕು. ಟಿಎಫ್‌ಎ ಗಾಯಕ್ಕೂ ಒಳ್ಳೆಯದಲ್ಲ. 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಒಣಗಿಸುವುದನ್ನು ಮೂರು ಸಲ ಮಾಡಿದರೆ ಕ್ಲೋರೈಡ್ ಲವಣ ಸಿಗುತ್ತದೆ.

ಈಗ ಪ್ಲೇಟು, ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಪೆಪ್ಟೈಡ್ ಬೇಕು (ಎಂಐಸಿ) ಎಂದು ನೋಡುವ ಪರೀಕ್ಷೆ. ಪೆಪ್ಟೈಡ್ ಧನ ಚಾರ್ಜಿನದು, ಬ್ಯಾಕ್ಟೀರಿಯಾದ ಹೊರಮೈ ಋಣ. ಹೀಗಾಗಿ ಅಲ್ಲಿಗೆ ಹೋಗಿ ಅಂಟಿ ಪೊರೆ ಕೆಡಿಸುತ್ತದೆ. ನಮ್ಮ ಕೆಂಪು ರಕ್ತಕಣದ ಹೊರಮೈಗೆ ಅಂಥ ಚಾರ್ಜಿನ ಲಿಪಿಡ್ ಇಲ್ಲ, ಕೊಲೆಸ್ಟರಾಲ್ ಬೇರೆ ಇದೆ, ಆದ್ದರಿಂದ ಅದು ತಪ್ಪಿಸಿಕೊಳ್ಳುತ್ತದೆ. ಆದರೆ ಋಣ ಚಾರ್ಜ್ ಇರುವುದು ಬ್ಯಾಕ್ಟೀರಿಯಾಗೆ ಮಾತ್ರವಲ್ಲ. ಮಾಮೂಲಿ ಪಾಲಿಸ್ಟೈರೀನ್ ಪ್ಲೇಟಿಗೂ ಪೆಪ್ಟೈಡ್ ಅಂಟುತ್ತದೆ, ಕಡಿಮೆ ಸಾಂದ್ರತೆಯ ಗುಳಿಗಳಲ್ಲಿ ಏನೂ ಉಳಿಯದಷ್ಟು. ಪಾಲಿಪ್ರೊಪಿಲೀನ್ ಪ್ಲೇಟ್ ಬೇಕು. ಪೆಪ್ಟೈಡನ್ನು ಹತ್ತು ಪಟ್ಟು ಸಾಂದ್ರತೆಯಲ್ಲಿ 0.01% ಅಸಿಟಿಕ್ ಆಮ್ಲ, 0.2% ಬಿಎಸ್‌ಎ ಪ್ರೋಟೀನ್ ಇರುವ ನೀರಿನಲ್ಲಿ ಅರ್ಧರ್ಧ ಮಾಡುತ್ತಾ ಹೋಗಿ, 11 ಮೈಕ್ರೋಲೀಟರ್ ಗುಳಿಗೆ ಹಾಕಿ, ಮೇಲೆ 100 ಮೈಕ್ರೋಲೀಟರ್ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಅಳತೆ ಮಿಲಿಲೀಟರಿಗೆ 5 ಲಕ್ಷ. ಮ್ಯಾಕ್‌ಫರ್ಲೆಂಡ್ 0.5ರ ಮಬ್ಬು ಅಂದರೆ ಸುಮಾರು 10 ಕೋಟಿ, ಅದನ್ನು 200 ಪಟ್ಟು ತೆಳುಮಾಡಿದರೆ ಸರಿಹೋಗುತ್ತದೆ. ಗಟ್ಟಿ ಹಾಕಿದರೆ ಪೆಪ್ಟೈಡ್ ಸಾಲದೆ ಫಲಿತಾಂಶ ಎರಡು ಮೂರು ಗುಳಿ ಆಚೆಗೆ ಜಾರುತ್ತದೆ. 35 ಡಿಗ್ರಿ, 16ರಿಂದ 20 ಗಂಟೆ. ರಾತ್ರಿ ಕರೆಂಟ್ ಹೋಗುವ ಊರಿನಲ್ಲಿ ಇನ್‌ಕ್ಯುಬೇಟರಿಗೆ ಯುಪಿಎಸ್ ಇಲ್ಲದೆ ಈ ಪರೀಕ್ಷೆಗೆ ಕೈಹಾಕಬೇಡಿ. ಅರ್ಧ ರಾತ್ರಿ ತಣ್ಣಗಾದ ಪ್ಲೇಟಿನಲ್ಲಿ ಎಂಥ ಸಪ್ಪೆ ಪೆಪ್ಟೈಡೂ ಹುಲಿಯಾಗಿ ಕಾಣುತ್ತದೆ.

ಬ್ಯಾಕ್ಟೀರಿಯಾ ಬೆಳೆಸುವ ಬ್ರಾತ್‌ನಲ್ಲಿ ಕ್ಯಾಲ್ಸಿಯಂ ಲೀಟರಿಗೆ 20–25 ಮಿಲಿಗ್ರಾಂ, ಮೆಗ್ನೀಸಿಯಂ 10–12.5 ಮಿಲಿಗ್ರಾಂ ಇರಲೇಬೇಕು, ಅದಕ್ಕೇ ಕ್ಯಾಟಯಾನ್ ಹೊಂದಿಸಿದ ಮ್ಯುಲ್ಲರ್ ಹಿಂಟನ್ ಅನ್ನುವುದು. ಈ ಲೋಹಗಳು ಬ್ಯಾಕ್ಟೀರಿಯಾದ ಮೇಲಿನ ಅದೇ ಜಾಗಕ್ಕೆ ಪೆಪ್ಟೈಡಿನ ಜೊತೆ ಪೈಪೋಟಿ ಮಾಡುತ್ತವೆ. ಲೋಹ ಕಮ್ಮಿ ಇರುವ ಬ್ರಾತ್‌ನಲ್ಲಿ ಪರೀಕ್ಷಿಸಿ ಬೀಗುವುದು ಸುಲಭ, ಗಾಯದಲ್ಲಿ ಮಾತ್ರ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ತಿರುಗುಮುರುಗೂ ಆಗುತ್ತದೆ: ನಮ್ಮ ಕಡೆಯ ಬೋರ್‌ವೆಲ್ ಗಡುಸು ನೀರಿನಲ್ಲಿ ತೊಳೆದು ಹಾಗೇ ಒಣಗಿಸಿದ ಗಾಜಿನ ಮೇಲೆ ಬಿಳಿ ಪದರ ನಿಲ್ಲುತ್ತದಲ್ಲ, ಅದು ಇದೇ ಕ್ಯಾಲ್ಸಿಯಂ. ಕೊನೆಯ ಎರಡು ತೊಳೆತ ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು.

ಅಗಾರಿನಲ್ಲಿ ಬಾವಿ ತೋಡಿ, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ (ಝೋನ್) ಅಳೆಯುವ ಪದ್ಧತಿಯ ಮೇಲೆ ನಮಗೆ ಸಿಟ್ಟೇ ಇದೆ. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಬೇವಿನೆಲೆ ಕಷಾಯಕ್ಕೂ ಅದೇ, ಪೆಪ್ಟೈಡಿಗೂ ಅದೇ. ಅಗಾರಿನಲ್ಲಿ ಸಲ್ಫೇಟ್ ಗುಂಪುಗಳಿವೆ, ಪೆಪ್ಟೈಡ್ ಅವಕ್ಕೆ ಕಚ್ಚಿಕೊಂಡು ಬಾವಿಯಿಂದ ಹೊರಗೇ ಬರುವುದಿಲ್ಲ. ಝೋನ್ ಸಣ್ಣದಾಯಿತೆಂದು ಒಳ್ಳೆಯ ಪೆಪ್ಟೈಡನ್ನು ಬಿಸಾಡಿದವರಿದ್ದಾರೆ. ಮಾಡಲೇಬೇಕಿದ್ದರೆ ಚಾರ್ಜ್ ಕಮ್ಮಿಯ ಅಗರೋಸ್ ಬಳಸಿ.

ಪೆಪ್ಟೈಡ್ ನಮ್ಮ ಕೆಂಪು ಕಣಗಳನ್ನು ಒಡೆಯುತ್ತದೆಯೇ ಎಂದು ನೋಡುವ ರಕ್ತಕಣದ ಪರೀಕ್ಷೆ ಸರಳ: ಮೂರು ಸಲ ತೊಳೆದ 4% ಕಣಗಳು, 37 ಡಿಗ್ರಿ, ಒಂದು ಗಂಟೆ, 540 ನ್ಯಾನೊಮೀಟರ್, ನೂರಕ್ಕೆ ನೂರು ಒಡೆದದ್ದಕ್ಕೆ 0.1% ಟ್ರೈಟಾನ್ ಮಾರ್ಜಕ. ಹಳೆಯ ರಕ್ತ ತಾನಾಗಿಯೇ ಒಡೆದು ಕೆಂಪಾಗಿರುತ್ತದೆ ಎಂಬುದೊಂದು ನೆನಪಿದ್ದರೆ ಸಾಕು.

ಮತ್ತೆ ಜೆಲ್ಲಿಗೆ ಬರೋಣ, ನಿಜವಾದ ಕೆಲಸ ಇಲ್ಲಿದೆ. ಮಾರುಕಟ್ಟೆಯ ಜೆಲ್, ಕ್ರೀಂಗಳಲ್ಲಿ ಮುಕ್ಕಾಲುಪಾಲು ಋಣ ಚಾರ್ಜಿನವು. ಕಾರ್ಬೋಪಾಲ್ ಅಕ್ರಿಲಿಕ್ ಆಮ್ಲದ ಸರಪಳಿ. ಸೋಡಿಯಂ ಸಿಎಂಸಿ, ಆಲ್ಜಿನೇಟ್ ಅದೇ ಜಾತಿ. ಎಮಲ್ಸಿಫೈಯಿಂಗ್ ವ್ಯಾಕ್ಸ್ ಒಳಗೆ ಸೋಡಿಯಂ ಲಾರಿಲ್ ಸಲ್ಫೇಟ್ ಇರುತ್ತದೆ, ಲೇಬಲ್ಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಯಾವುದಕ್ಕೆ ಹಾಕಿದರೂ ಪೆಪ್ಟೈಡ್ ಸೆರೆ. ಚಾರ್ಜ್ ಇಲ್ಲದ್ದೇ ಬೇಕು: ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್, ಎಚ್‌ಪಿಎಂಸಿ, ಇಲ್ಲವೇ ಪೊಲೊಕ್ಸಾಮರ್ 407. ಪೊಲೊಕ್ಸಾಮರ್ 18–20% ಇದ್ದರೆ ಫ್ರಿಜ್ಜಿನಲ್ಲಿ ನೀರಾಗಿ, ಮೈಗೆ ತಾಗಿದಾಗ ಜೆಲ್ಲಾಗುತ್ತದೆ. ನೋಡಲು ಚೆಂದ, ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಟ್ಯೂಬಿನಲ್ಲೇ ಗಟ್ಟಿಯಾಗಿ ಕೂರುತ್ತದೆ. ನಾವು ನಿಂತದ್ದು ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್‌ನಲ್ಲಿ.

100 ಗ್ರಾಂ ಜೆಲ್ಲಿನ ಲೆಕ್ಕಕ್ಕೆ 80 ಗ್ರಾಂ ಬೇಸ್ ಮೊದಲು ಮಾಡಿಟ್ಟುಕೊಳ್ಳಬೇಕು: ಸೆಲ್ಯುಲೋಸ್ ಪುಡಿ 2 ಗ್ರಾಂ, ಗ್ಲಿಸರಿನ್ 10 ಗ್ರಾಂ, ಪಿಎಚ್ 5ರ 20 ಮಿಲಿಮೋಲಾರ್ ಅಸಿಟೇಟ್ ಬಫರ್ 68 ಗ್ರಾಂ. ಪುಡಿಯನ್ನು ನೇರ ನೀರಿಗೆ ಸುರಿದರೆ, ಮುದ್ದೆ ತಿರುವಲು ಬಾರದವರು ಎಸರಿಗೆ ಹಿಟ್ಟು ಸುರಿದಂತೆ ಗಂಟುಗಂಟಾಗುತ್ತದೆ. ಹೊರಗೆ ಅಂಟು, ಒಳಗೆ ಒಣ ಹಿಟ್ಟು, ಆಮೇಲೆ ಎಷ್ಟು ಕಲಕಿದರೂ ಒಡೆಯುವುದಿಲ್ಲ. ಪುಡಿಯನ್ನು ಮೊದಲು ಗ್ಲಿಸರಿನ್‌ನಲ್ಲಿ ನೆನೆಸಿ ಪೇಸ್ಟ್ ಮಾಡಿ, ಸುಳಿ ಎದ್ದ ಬಫರಿಗೆ ಸ್ವಲ್ಪಸ್ವಲ್ಪವೇ ಬಿಡಿ. ಗಾಳಿಗುಳ್ಳೆ ತುಂಬದಂತೆ ಕಲಕುವ ವೇಗ ಇಳಿಸಿ ರಾತ್ರಿ ಇಡಿ. 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡುವುದು ಬೇಸನ್ನು ಮಾತ್ರ. ಪೆಪ್ಟೈಡ್ ಅದರೊಳಗೆ ಹೋಗಬಾರದು.

10 ಗ್ರಾಮಿನ 0.5% ಟ್ಯೂಬಿಗೆ ತಣ್ಣಗಾದ ಬೇಸ್ 8 ಗ್ರಾಂ, 2 ಮಿಲಿಲೀಟರ್ ಬಫರಿನಲ್ಲಿ ಕರಗಿಸಿದ ನಿವ್ವಳ 50 ಮಿಲಿಗ್ರಾಂ ಪೆಪ್ಟೈಡ್. ಮೊದಲು ಬರೀ ನೀರಿನಲ್ಲಿ ಕರಗಿಸಿ ಆಮೇಲೆ ಬಫರ್ ಸೇರಿಸಬೇಕು, ಉಪ್ಪಿನ ದ್ರಾವಣಕ್ಕೆ ನೇರ ಹಾಕಿದರೆ ಕರಗದೆ ಎಳೆಎಳೆಯಾಗಿ ನಿಲ್ಲಬಹುದು. 0.22 ಮೈಕ್ರಾನ್ ಫಿಲ್ಟರ್ ಪಿಇಎಸ್ ಪೊರೆಯದೇ ಇರಲಿ, ಸೆಲ್ಯುಲೋಸ್ ನೈಟ್ರೇಟ್ ಪೊರೆ ಪೆಪ್ಟೈಡನ್ನು ಕುಡಿದುಬಿಡುತ್ತದೆ. ಫಿಲ್ಟರಿನ ಹಿಂದೆ ಮುಂದೆ 280ರಲ್ಲಿ ಓದಿ ನೋಡಿದರೆ ಎಷ್ಟು ಹೋಯಿತೆಂದು ತಿಳಿಯುತ್ತದೆ. ಪಿಎಚ್ 7 ದಾಟಿಸಬೇಡಿ, ಗಂಧಕದ ಕೊಂಡಿಗಳು ಜೋಡಿ ಬದಲಿಸತೊಡಗುತ್ತವೆ.

ಮೆಥಿಯೊನಿನ್ ಬಗ್ಗೆ ಇನ್ನೊಂದು ಮಾತು. ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಮುಲಾಮು, ಪೊಲೊಕ್ಸಾಮರ್ ಎರಡರಲ್ಲೂ ಹಳತಾದಂತೆ ಪೆರಾಕ್ಸೈಡ್ ಸೇರುತ್ತದೆ. ಡಬ್ಬಿ ತೆರೆದು ಆರು ತಿಂಗಳಾದ ಪಿಇಜಿಯಲ್ಲಿ ಪೆಪ್ಟೈಡ್ ಹಾಕಿದರೆ, ಎಚ್‌ಪಿಎಲ್‌ಸಿಯಲ್ಲಿ ಮುಖ್ಯ ಶಿಖರಕ್ಕಿಂತ ಮುಂಚೆ ಇನ್ನೊಂದು ಶಿಖರ ಏಳುತ್ತದೆ, 16 ಹೆಚ್ಚು ತೂಕದ್ದು. ಪೆರಾಕ್ಸೈಡ್ ಪಟ್ಟಿ ಅದ್ದಿ ನೋಡಿಯೇ ಬೇಸ್ ಆರಿಸಬೇಕು. ಜೆಲ್ಲಿಗೆ 0.1% ಬಿಡಿ ಮೆಥಿಯೊನಿನ್ ಸೇರಿಸಿದರೆ ಪೆಪ್ಟೈಡಿನ ಪಾಲಿನ ಏಟು ಅದು ತಿನ್ನುತ್ತದೆ. 0.05% ಇಡಿಟಿಎ ಲೋಹಗಳನ್ನು ಹಿಡಿದಿಡುತ್ತದೆ. ಆದರೆ ಇಡಿಟಿಎ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯನ್ನೂ ಸಡಿಲಿಸುತ್ತದೆ, ಪ್ರಿಸರ್ವೇಟಿವ್ ಹಾಕಿದ್ದರೆ ಅದಂತೂ ತಾನೇ ಕೊಲ್ಲುತ್ತದೆ. ಆದ್ದರಿಂದ ಪೆಪ್ಟೈಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇರುವ ಖಾಲಿ ಜೆಲ್ಲನ್ನು ಪ್ರತಿ ಪರೀಕ್ಷೆಯಲ್ಲೂ ಪಕ್ಕಕ್ಕೆ ಇಡಲೇಬೇಕು. ಈ ಖಾಲಿ ಜೆಲ್ ಇಲ್ಲದ ಫಲಿತಾಂಶವನ್ನು ನಾವು ಓದುವುದೂ ಇಲ್ಲ.

ಫ್ರಾಂಜ್ ಕೋಶದಲ್ಲಿ (ಮೇಲೆ ಜೆಲ್, ನಡುವೆ ಪೊರೆ, ಕೆಳಗೆ ದ್ರವ ಇರುವ ಗಾಜಿನ ಪಾತ್ರೆ), 32 ಡಿಗ್ರಿಯಲ್ಲಿ, ಜೆಲ್ಲಿನಿಂದ ಪೆಪ್ಟೈಡ್ ಎಷ್ಟು ಬಿಡುಗಡೆಯಾಗುತ್ತದೆ ಎಂದು ನೋಡುವಾಗ ಪೊರೆಯ ಕೆಳಗೆ ಗಾಳಿಗುಳ್ಳೆ ನಿಂತರೆ ಸೊನ್ನೆ ಬರುತ್ತದೆ. ಕಸಾಯಿಖಾನೆಯಿಂದ ತಂದ ಹಂದಿ ಕಿವಿಯ ಚರ್ಮ ಬಳಸಿದಾಗ ಕೆಳಗಿನ ದ್ರವಕ್ಕೆ ಪೆಪ್ಟೈಡ್ ಇಳಿಯದಿದ್ದರೆ ವಿದ್ಯಾರ್ಥಿಗಳು ಪೆಚ್ಚಾಗುತ್ತಾರೆ. ಪೆಚ್ಚಾಗಬೇಕಿಲ್ಲ, ಇದು ಮೇಲೆ ಹಚ್ಚುವ ಮದ್ದು, ಮೇಲೆಯೇ ಉಳಿಯಬೇಕು. ಬ್ಯಾಕ್ಟೀರಿಯಾ ಹಚ್ಚಿದ ಚರ್ಮದ ಮೇಲೆ ಜೆಲ್ ಸವರಿ, ಉಳಿದವನ್ನು ಎಣಿಸುವಾಗ ಬೇರೊಂದು ಮೋಸವಿದೆ. ತೊಳೆದು ತೆಗೆದ ದ್ರವದಲ್ಲಿ ಪೆಪ್ಟೈಡೂ ಬರುತ್ತದೆ, ಅಗಾರ್ ಪ್ಲೇಟಿಗೆ ಹರಡುವ ತನಕ ಕೊಲ್ಲುತ್ತಲೇ ಇರುತ್ತದೆ. ಚರ್ಮದ ಮೇಲೆ ಸತ್ತದ್ದೆಷ್ಟು, ಟ್ಯೂಬಿನಲ್ಲಿ ಸತ್ತದ್ದೆಷ್ಟು? ತೊಳೆಯುವ ದ್ರವಕ್ಕೆ 0.05% ಎಸ್‌ಪಿಎಸ್ (ಸೋಡಿಯಂ ಪಾಲಿಅನೆಥೋಲ್ ಸಲ್ಫೊನೇಟ್) ಸೇರಿಸಿದರೆ ಅದರ ಋಣ ಚಾರ್ಜ್ ಪೆಪ್ಟೈಡಿನ ಬಾಯಿ ಕಟ್ಟುತ್ತದೆ. ಜೆಲ್ಲಿನಲ್ಲಿ ಕಾಡಿದ ಗುಣವೇ ಇಲ್ಲಿ ಉಪಕಾರಕ್ಕೆ ಬಂತು.

ಕಪ್ಪೆ ಪೆಪ್ಟೈಡಿಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ ಎಂದು ಭಾಷಣಗಳಲ್ಲಿ ಕೇಳಿಬರುತ್ತದೆ. ಒಗ್ಗಿಕೊಳ್ಳುತ್ತದೆ. ಮ್ಯಾಗೈನಿನ್‌ನಿಂದ ಹುಟ್ಟಿದ ಪೆಕ್ಸಿಗನಾನ್ ಎಂಬ ಪೆಪ್ಟೈಡಿನಲ್ಲಿ 600–700 ತಲೆಮಾರು ಬೆಳೆಸಿದಾಗ ಇ. ಕೋಲಿ ಪ್ರತಿರೋಧ ಬೆಳೆಸಿಕೊಂಡದ್ದು 2006ರಲ್ಲಿ ಪ್ರಕಟವಾಗಿದೆ, ಬರೆದವರಲ್ಲಿ ಝಾಸ್ಲಾಫ್ ಕೂಡ ಒಬ್ಬರು. ಸ್ಟ್ಯಾಫಿಲೋಕಾಕಸ್ ತನ್ನ ಪೊರೆಗೆ ಲೈಸಿನ್, ಗೋಡೆಗೆ ಅಲನಿನ್ ಅಂಟಿಸಿಕೊಂಡು ಋಣ ಚಾರ್ಜನ್ನೇ ಮುಚ್ಚಿಬಿಡುತ್ತದೆ. ಅರ್ಧ ಎಂಐಸಿಯಲ್ಲಿ 30 ದಿನ ದಿನಕ್ಕೊಂದು ಸಲ ಮರುಬಿತ್ತನೆ ಮಾಡಿ ನೋಡದೆ ಆ ಮಾತು ಆಡಬಾರದು.

ಪೆಕ್ಸಿಗನಾನ್ ಕಥೆ ಈ ಕೆಲಸದವರೆಲ್ಲ ತಿಳಿದಿರಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಅದರ 1% ಕ್ರೀಂ 835 ಜನರ ಮೇಲೆ, ಓಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯ ಎದುರು ಪರೀಕ್ಷೆಯಾಯಿತು. ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡಿದವು, 1999ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ. ಮತ್ತೆ 0.8% ಕ್ರೀಂ ಮಾಡಿ ಈ ಸಲ ಖಾಲಿ ಕ್ರೀಂ ಎದುರು ನಿಲ್ಲಿಸಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಖಾಲಿ ಕ್ರೀಂಗಿಂತ ಮೇಲೆನಿಸಲಿಲ್ಲ. ಗಾಯ ತೊಳೆದು, ಸತ್ತ ಚರ್ಮ ತೆಗೆದು, ಸರಿಯಾಗಿ ಕಟ್ಟು ಕಟ್ಟಿದರೆ ಅರ್ಧ ವಾಸಿ ಹಾಗೇ ಆಗುತ್ತದೆ. ಮದ್ದು ಅದಕ್ಕಿಂತ ಮೇಲೆ ಏನು ಮಾಡಿತು ಎಂದು ತೋರಿಸುವುದು ಕಷ್ಟ.

ನಮ್ಮ ಜಿಲ್ಲೆಯಲ್ಲೂ ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಹಸು ಕಟ್ಟಿದವರು ಕೇಳುವುದು ಬೇರೆ: ‘ಕೆಚ್ಚಲು ಬಾವಿಗೆ ಇದನ್ನ ಏರಿಸಬೋದಾ ಸಾರ್?’ ಆಗುವುದಿಲ್ಲ. ಹಾಲಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 1.2 ಗ್ರಾಂ, ನಮ್ಮ ಬ್ರಾತಿನದರ ಐವತ್ತು ಪಟ್ಟು. ಮೇಲೆ ಹಾಲಿನ ಪ್ರೋಟೀನ್ ಕೇಸಿನ್, ಅದೂ ಋಣ ಚಾರ್ಜಿನದೇ. ಕಾರ್ಬೋಪಾಲ್‌ನಲ್ಲಿ ಆದದ್ದೇ ಕೆಚ್ಚಲಲ್ಲೂ ಆಗುತ್ತದೆ, ಜೊತೆಗೆ ಡೇರಿಗೆ ಹಾಕುವ ಹಾಲಿಗೆ ಮದ್ದು ಬೆರೆಯುತ್ತದೆ. ತೊಡೆಯ ಮೇಲಿನ ಗೀರುಗಾಯಕ್ಕೆ ಹಚ್ಚಿ ನೋಡಲೂ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮನುಷ್ಯರ ಮೇಲಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ಅನುಮತಿ ಪಡೆಯಬೇಕು. ಹಾಗಾಗಿ ಟ್ಯೂಬ್‌ಗಳು ಯಾರ ಕೈಗೂ ಹೋಗುವುದಿಲ್ಲ. ಎಷ್ಟು ಕಾಲ ಕೆಡದೆ ಇರುತ್ತವೆಂದು ನೋಡಲು ಅರ್ಧ 40 ಡಿಗ್ರಿ, 75% ತೇವದ ಪೆಟ್ಟಿಗೆಯಲ್ಲಿ ಆರು ತಿಂಗಳು, ಉಳಿದರ್ಧ ನಮ್ಮ ದೇಶದ ಹವೆಗೆ ಗೊತ್ತುಮಾಡಿದ 30 ಡಿಗ್ರಿಯಲ್ಲಿ. ಪ್ರತಿ ಸಲ ಪೆಟ್ಟಿಗೆ ತೆರೆದಾಗ ಮೂರು ಟ್ಯೂಬ್ ಹೊರಗೆ: ಒಂದು ಎಚ್‌ಪಿಎಲ್‌ಸಿಗೆ, ಒಂದು ಬ್ಯಾಕ್ಟೀರಿಯಾಗೆ, ಒಂದು ಬೆಳಕಿಗೆ ಹಿಡಿದು ಮಬ್ಬು ಕಟ್ಟಿದೆಯೇ ಎಂದು ನೋಡಲಿಕ್ಕೆ.